ನಾರ್ಮ್ ಸ್ಮಿತ್ ಪದಕ: ಎರಡನೆಯ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ಗ್ರ್ಯಾಂಡ್ ಫೈನಲ್ ಕುರಿತು ತಮ್ಮ ಕ್ರೀಡಾ ಪುಟದಲ್ಲಿ ಪ್ರಕಟವಾದ ಬರಹದೊಂದಿಗೆ, ಆ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಪಡೆದವರ ಪಟ್ಟಿಯನ್ನೂ ಕೊಟ್ಟು, ಫೈನಲ್‌ಗಳನ್ನು ಗೆಲ್ಲಿಸಿಕೊಟ್ಟವರು ಇವರೇ ಎಂಬ ಅರ್ಥ ಬರುವ ತಲೆಬರಹ ಹಾಕಿದ್ದೀರಿ. ಕನ್ನಡ ಪತ್ರಿಕೆಯೊಂದು ಈ ಆಟಕ್ಕೆ ಅಷ್ಟು ಜಾಗ ಕೊಟ್ಟದ್ದು ಮೆಲ್ಬರ್ನ್‌ನಲ್ಲಿ ನೆಲೆಸಿರುವ ನನ್ನಂಥವರಿಗೆ ಸಂತೋಷದ ಸಂಗತಿ. ಆದರೆ ಆ ತಲೆಬರಹವನ್ನು ಒಪ್ಪುವುದು ಕಷ್ಟ. ಮೊದಲನೆಯದಾಗಿ, ಅದೇ ಪಟ್ಟಿಯಲ್ಲಿರುವ ಮಾರಿಸ್ ರಿಯೋಲಿ (1982), ಗ್ಯಾರಿ ಅಬ್ಲೆಟ್ (1989), ನೇಥನ್ ಬಕ್ಲಿ (2002) ಮತ್ತು ಕ್ರಿಸ್ ಜಡ್ (2005) ಸೋತ ತಂಡಗಳಲ್ಲಿ ಆಡಿದವರು. ಎರಡನೆಯದು ಇನ್ನೂ ಮುಖ್ಯ: ಫೈನಲ್‌ಗಳನ್ನು ನಿಜವಾಗಿ ತಿರುಗಿಸಿದ ಹಲವರ ಹೆಸರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಮೆಲ್ಬರ್ನ್ ತಂಡದ ತರಬೇತುದಾರರಾಗಿ ಆರು ಬಾರಿ ಚಾಂಪಿಯನ್ ಪಟ್ಟ ತಂದುಕೊಟ್ಟ ನಾರ್ಮ್ ಸ್ಮಿತ್ ಅವರ ಹೆಸರಿನ ಈ ಪದಕ 1979ರಲ್ಲಿ ಆರಂಭವಾಯಿತು. ಮೊದಲ ಪದಕ ಪಡೆದ ಕಾರ್ಲ್‌ಟನ್‌ನ ವೇಯ್ನ್ ಹಾರ್ಮ್ಸ್, ಸಂಬಂಧದಲ್ಲಿ ಸ್ಮಿತ್ ಅವರಿಗೆ ಮೊಮ್ಮಗನಾಗಬೇಕಾದವರು ಎಂಬುದು ಕಾಕತಾಳೀಯ. ಅದಕ್ಕೂ ಹಿಂದಿನ ಫೈನಲ್‌ಗಳಲ್ಲಿ ಆಡಿದವರಿಗೆ ಸಿಗಲು ಇಂಥ ಪದಕವೇ ಇರಲಿಲ್ಲ. 1970ರಲ್ಲಿ, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1,21,696 ಮಂದಿ ನೋಡುತ್ತಿದ್ದಾಗ, ಕಾಲಿಂಗ್‌ವುಡ್ ಎದುರು ಅರ್ಧ ಆಟಕ್ಕೆ 44 ಅಂಕ ಹಿಂದಿದ್ದ ಕಾರ್ಲ್‌ಟನ್ ಪರವಾಗಿ ಬದಲಿ ಆಟಗಾರನಾಗಿ ಇಳಿದು ನಾಲ್ಕು ಗೋಲು ಹೊಡೆದ ಟೆಡ್ ಹಾಪ್ಕಿನ್ಸ್ ಅವರನ್ನು ನೆನೆಯುವುದಕ್ಕೆ ಆ ದಿನದ ವರದಿಗಳೇ ಗತಿ.

ಪದಕ ನಿರ್ಧಾರವಾಗುವ ಬಗೆಯನ್ನು ತಮ್ಮ ಬರಹ ಹೇಳಿರಲಿಲ್ಲ. ತೀರ್ಪುಗಾರರ ಸಣ್ಣ ಸಮಿತಿಯೊಂದರ ಪ್ರತಿ ಸದಸ್ಯರೂ ತಮಗೆ ಶ್ರೇಷ್ಠರೆನಿಸಿದ ಮೂವರಿಗೆ ಕ್ರಮವಾಗಿ ಮೂರು, ಎರಡು ಮತ್ತು ಒಂದು ಮತ ಕೊಡುತ್ತಾರೆ. ಅವನ್ನು ಕೂಡಿಸಿ, ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಮೈದಾನದ ವೇದಿಕೆಯಲ್ಲೇ ಪದಕ ತೊಡಿಸಲಾಗುತ್ತದೆ. ಉಸಿರು ಬಿಡಲೂ ಬಿಡುವಿಲ್ಲದ ಆಟವನ್ನು ಹೀಗೆ ಅವಸರದಲ್ಲಿ ತೂಗುವಾಗ, ನಾಲ್ಕು ಕ್ವಾರ್ಟರ್‌ಗಳಲ್ಲೂ ಸಮನಾಗಿ ಕಣ್ಣಿಗೆ ಬಿದ್ದವನ ಕಡೆಗೆ ತಕ್ಕಡಿ ವಾಲುವುದು ಸಹಜ. ಅರ್ಧ ಗಂಟೆಯಲ್ಲಿ ಪಂದ್ಯದ ಹಣೆಬರಹ ಬದಲಿಸಿದವನು ಆಗ ಹಿಂದೆ ಬೀಳುತ್ತಾನೆ.

ಇದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ನಿದರ್ಶನ 1997ರ ಫೈನಲ್. ಅಡಿಲೇಡ್ ತಂಡದ ಪ್ರಮುಖ ಗೋಲುಗಾರ ಟೋನಿ ಮೋಡ್ರಾ ಹಿಂದಿನ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗುಳಿದಿದ್ದರು. ಅರ್ಧ ಆಟ ಮುಗಿದಾಗ ಸೇಂಟ್ ಕಿಲ್ಡಾ ತಂಡವೇ ಮುಂದಿತ್ತು. ಮೂರನೆಯ ಕ್ವಾರ್ಟರ್‌ನ ಕೊನೆಗೆ ಅಡಿಲೇಡ್ ಹತ್ತು ಅಂಕಗಳಿಂದ ಮುಂದೆ ಬಂತಾದರೂ, ಗೋಲೊಂದಕ್ಕೆ ಆರು ಅಂಕಗಳಿರುವ ಈ ಆಟದಲ್ಲಿ ಹತ್ತು ಅಂಕ ಏನೇನೂ ಅಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಅಡಿಲೇಡ್ ಎಂಟು ಗೋಲು ಹೊಡೆಯಿತು. ಒಂದು ಹೊಡೆತವೂ ಗೋಲುಕಂಬದ ಆಚೆ ಹೋಗಿ ಒಂದೇ ಅಂಕಕ್ಕೆ ಇಳಿಯಲಿಲ್ಲ. ಆ ಎಂಟರಲ್ಲಿ ಐದು ಡ್ಯಾರನ್ ಜಾರ್ಮನ್ ಅವರವು, ಇಡೀ ಪಂದ್ಯದಲ್ಲಿ ಅವರ ಲೆಕ್ಕ ಆರು. ತಂಡ 31 ಅಂಕಗಳಿಂದ ಗೆದ್ದು ಮೊದಲ ಬಾರಿಗೆ ಚಾಂಪಿಯನ್ ಆಯಿತು. ಪದಕ ಮಾತ್ರ ಆಂಡ್ರೂ ಮೆಕ್‌ಲಿಯಡ್ ಅವರಿಗೆ ಹೋಯಿತು. ಹಿಂಬದಿಯಲ್ಲಿ ಆಟ ಆರಂಭಿಸಿ, ಆಮೇಲೆ ನಡು ಮೈದಾನಕ್ಕೆ ಬಂದು, ಕಾಲಿನಿಂದಲೋ ಕೈಯಿಂದಲೋ 31 ಬಾರಿ ಚೆಂಡನ್ನು ದಾಟಿಸಿದ ಮೆಕ್‌ಲಿಯಡ್ ಆ ಪದಕಕ್ಕೆ ಅನರ್ಹರೆಂದು ಯಾರೂ ಹೇಳಲಾರರು. ಮರುವರ್ಷದ ಫೈನಲ್‌ನಲ್ಲೂ ಅವರೇ ಅದನ್ನು ಗೆದ್ದರು. ಆದರೂ ಆ ಪಂದ್ಯ ನೋಡಿದವರನ್ನು ಏನು ನೆನಪಿದೆ ಎಂದು ಕೇಳಿದರೆ ಮೊದಲು ಬರುವ ಹೆಸರು ಜಾರ್ಮನ್ ಅವರದೇ. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ 91 ರನ್ ಹೊಡೆದು ಪಂದ್ಯಶ್ರೇಷ್ಠರಾದಾಗ, 97 ರನ್ ಗಳಿಸಿದ್ದ ಗಂಭೀರ್ ಅವರ ಬಗ್ಗೆ ನಮ್ಮಲ್ಲಿ ನಡೆದ, ಇಂದಿಗೂ ಮುಗಿಯದ ವಾದವನ್ನು ಬಲ್ಲ ಓದುಗರಿಗೆ ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕಿಲ್ಲ.

ಗೋಲು ಹೊಡೆಯುವವರಿಗೆ ಪದಕ ಸಿಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1980ರಲ್ಲಿ ಏಳು ಗೋಲು ಹೊಡೆದ ರಿಚ್ಮಂಡ್‌ನ ಕೆವಿನ್ ಬಾರ್ಟ್ಲೆಟ್ ಅದನ್ನು ಪಡೆದರು. ಆದರೆ 1988ರಲ್ಲಿ ಹಾಥಾರ್ನ್ ಪರ ಅಷ್ಟೇ ಗೋಲು ಹೊಡೆದ ಜೇಸನ್ ಡನ್‌ಸ್ಟಾಲ್ ಅವರಿಗೆ ಸಿಗದೆ, ಅದೇ ತಂಡದ ರಕ್ಷಣಾ ಆಟಗಾರ ಗ್ಯಾರಿ ಏಯರ್ಸ್ ಅವರ ಪಾಲಾಯಿತು. 1985ರಲ್ಲಿ ಸೋತ ಹಾಥಾರ್ನ್ ಪರ ಎಂಟು ಗೋಲು ಹೊಡೆದ ಡರ್ಮಟ್ ಬ್ರೆರೆಟನ್ ಅವರಿಗೂ ಇಲ್ಲ. ಇದೇ ಬ್ರೆರೆಟನ್ 1989ರಲ್ಲಿ ಪಂದ್ಯ ಆರಂಭವಾದ ಕ್ಷಣದಲ್ಲೇ ಜೀಲಾಂಗ್ ಆಟಗಾರನ ಡಿಕ್ಕಿಗೆ ಸಿಕ್ಕಿ ಕುಸಿದರೂ ಮೈದಾನ ಬಿಡಲೊಪ್ಪದೆ ಆಡಿ ಮೂರು ಗೋಲು ಗಳಿಸಿದರು. ಅವರ ಜೊತೆಗಾರ ರಾಬರ್ಟ್ ಡಿಪಿಯರ್‌ಡೊಮೆನಿಕೊ ಶ್ವಾಸಕೋಶಕ್ಕೆ ತೂತು ಬಿದ್ದ ಸ್ಥಿತಿಯಲ್ಲಿ ಆಡಿದರು. ಹಾಥಾರ್ನ್ ಆರು ಅಂಕಗಳಿಂದ ಗೆದ್ದ ಆ ಪಂದ್ಯದಲ್ಲಿ ಎದುರಾಳಿ ಅಬ್ಲೆಟ್ ಒಂಬತ್ತು ಗೋಲು ಹೊಡೆದು, ಗ್ರ್ಯಾಂಡ್ ಫೈನಲ್‌ನ ದಾಖಲೆಯನ್ನು ಸರಿಗಟ್ಟಿದ್ದರು. ಪದಕ ಅವರಿಗೆ ಹೋದದ್ದು ನ್ಯಾಯವೇ. ಅಂಥವರು ಎದುರಿಗಿದ್ದ ದಿನ ಆಡಿದ್ದೇ ಹಾಥಾರ್ನ್ ಆಟಗಾರರ ದುರದೃಷ್ಟ.

ಟಾಮ್ ಬಾಯ್ಡ್ ಅವರ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲಿಗರಾಗಿ ಲೀಗಿಗೆ ಬಂದು, ಬಳಿಕ ಏಳು ವರ್ಷಗಳ ಭಾರೀ ಒಪ್ಪಂದದ ಮೇಲೆ ವೆಸ್ಟರ್ನ್ ಬುಲ್‌ಡಾಗ್ಸ್ ಸೇರಿದ ಈ ಹುಡುಗ ಅಷ್ಟು ಹಣಕ್ಕೆ ತಕ್ಕವನಲ್ಲ ಎಂಬ ಮಾತು ಅವರ ಬೆನ್ನು ಬಿಟ್ಟಿರಲಿಲ್ಲ. 2016ರ ಫೈನಲ್‌ನಲ್ಲಿ ಸಿಡ್ನಿ ಎದುರು ಅವರು ಗುಂಪಿನ ನಡುವೆ ಮೇಲೆ ಹಾರಿ ಮತ್ತೆ ಮತ್ತೆ ಚೆಂಡನ್ನು ಹಿಡಿದರು, ಮೂರು ಗೋಲು ಹೊಡೆದರು. ಕೊನೆಯ ಹಂತದಲ್ಲಿ ಡೇಲ್ ಮೋರಿಸ್ ಎದುರಾಳಿ ತಾರೆ ಲ್ಯಾನ್ಸ್ ಫ್ರಾಂಕ್ಲಿನ್ ಅವರನ್ನು ಕೆಡವಿ ಬಿಡಿಸಿದ ಚೆಂಡನ್ನು ಬಾಯ್ಡ್ ಬಲು ದೂರದಿಂದ ಒದ್ದಾಗ, ಅದು ಪುಟಿಯುತ್ತಾ ಹೋಗಿ ಗೋಲಾಯಿತು. 1954ರ ನಂತರ ಬುಲ್‌ಡಾಗ್ಸ್ ಕಂಡ ಮೊದಲ ಚಾಂಪಿಯನ್ ಪಟ್ಟವನ್ನು ಖಚಿತಪಡಿಸಿದ ಗೋಲು ಅದು. ಹಿಂಬದಿಯಿಂದ ಓಡಿ ಓಡಿ 33 ಬಾರಿ ಚೆಂಡು ದಾಟಿಸಿದ ಜೇಸನ್ ಜೊಹಾನಿಸನ್ ಪದಕ ಪಡೆದರು. ನಾನು ತೀರ್ಪುಗಾರನಾಗಿದ್ದರೆ ಮೂರು ಮತ ಬಾಯ್ಡ್ ಅವರಿಗೇ. ಮೂರೇ ವರ್ಷಗಳಲ್ಲಿ, 23ನೆಯ ವಯಸ್ಸಿಗೆ, ಅವರು ಆಟಕ್ಕೆ ವಿದಾಯ ಹೇಳಿದ್ದರಿಂದ ಇನ್ನೊಂದು ಅವಕಾಶವೂ ಬರಲಿಲ್ಲ.

2010ರ ಮೊದಲ ಫೈನಲ್ ಇನ್ನೊಂದು ಬಗೆಯದು. ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ ತಲಾ 68 ಅಂಕಗಳೊಂದಿಗೆ ಸಮ ಮಾಡಿಕೊಂಡ ಆ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ, ಸೇಂಟ್ ಕಿಲ್ಡಾದ ಬ್ರೆಂಡನ್ ಗಾಡರ್ಡ್ ಎದುರಾಳಿಗಳ ತಲೆಯ ಮೇಲಕ್ಕೆ ನೆಗೆದು ಚೆಂಡು ಹಿಡಿದು, ಗೋಲು ಹೊಡೆದು ತಂಡವನ್ನು ಮುಂದಕ್ಕೆ ತಂದರು. ಪದಕ ಅವರ ತಂಡದವರೇ ಆದ ಲೆನಿ ಹೇಯ್ಸ್ ಅವರಿಗೆ ಸಂದಿತು. ಸ್ಕೋರ್ ಸಮವಾದದ್ದು ಇದೇ ಹೇಯ್ಸ್ ಒದ್ದ ಚೆಂಡು ಮುಂದೆ ಕಾದಿದ್ದ ಸ್ಟೀಫನ್ ಮಿಲ್ನ್ ಅವರ ಕೈಗೆ ಸಿಗದಂತೆ ಪುಟಿದು ಒಂದಂಕಕ್ಕೆ ಹೋದದ್ದರಿಂದ. ಮುಂದಿನ ವಾರ ನಡೆದ ಮರುಪಂದ್ಯವನ್ನು ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಾಗ ಪದಕ ಸ್ಕಾಟ್ ಪೆಂಡಲ್‌ಬರಿ ಅವರದಾಯಿತು. ಗಾಡರ್ಡ್ ಅವರಿಗೆ ಪದಕವೂ ಇಲ್ಲ, ಆಟದ ಬದುಕು ಮುಗಿಯುವವರೆಗೂ ಚಾಂಪಿಯನ್ ಪಟ್ಟವೂ ದಕ್ಕಲಿಲ್ಲ.

2005ರಲ್ಲಿ ಕೊನೆಯ ಕ್ಷಣಗಳಲ್ಲಿ ಚೆಂಡು ಹಿಡಿದು ಸಿಡ್ನಿಗೆ 72 ವರ್ಷಗಳ ನಂತರ ಪಟ್ಟ ಉಳಿಸಿಕೊಟ್ಟ ಲಿಯೋ ಬ್ಯಾರಿ, 2008ರ ಮೂರನೆಯ ಕ್ವಾರ್ಟರ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಜೀಲಾಂಗ್‌ನ ಕೈಯಿಂದ ಪಂದ್ಯ ಕಸಿದ ಸ್ಟುವರ್ಟ್ ಡ್ಯೂ, 2018ರಲ್ಲಿ ಗಡಿಗೆರೆಯ ಬದಿಯಿಂದ ಕಡುಕಷ್ಟದ ಕೋನದಲ್ಲಿ ಗೆಲುವಿನ ಗೋಲು ಹೊಡೆದ ಡಾಮ್ ಶೀಡ್ ಕೂಡ ಪದಕವಿಲ್ಲದವರೇ.

ಪದಕವನ್ನು ಇಬ್ಬರಿಗೆ ಹಂಚಬೇಕೆಂದಾಗಲಿ, ಹಳೆಯ ತೀರ್ಪುಗಳನ್ನು ಮತ್ತೆ ತೆರೆಯಬೇಕೆಂದಾಗಲಿ ನನ್ನ ಬೇಡಿಕೆಯಲ್ಲ. ಗೆದ್ದ ಗಳಿಗೆಯಲ್ಲಿ ವೇದಿಕೆಯ ಮೇಲೆ ಪದಕ ಕೊಡುವ ಸೊಗಸು ಮರುದಿನದ ಸಮಾರಂಭಕ್ಕೆ ಬಾರದು ಎಂಬುದನ್ನೂ ಒಪ್ಪುತ್ತೇನೆ. ಕೇಳಿಕೊಳ್ಳುವುದಿಷ್ಟೆ: ತೀರ್ಪುಗಾರರ ಮತಗಳ ವಿವರ ಪಂದ್ಯದ ನಂತರ ಪ್ರಕಟವಾಗುತ್ತದೆ. ಮುಂದಿನ ಸೆಪ್ಟೆಂಬರ್ ಕೊನೆಯ ಶನಿವಾರದ ಗ್ರ್ಯಾಂಡ್ ಫೈನಲ್ ಪಂದ್ಯವನ್ನು ತಾವು ವರದಿ ಮಾಡುವಾಗ, ಪದಕ ಗೆದ್ದವರ ಹೆಸರಿನ ಕೆಳಗೆ ಎರಡನೆಯ ಮತ್ತು ಮೂರನೆಯ ಸ್ಥಾನದಲ್ಲಿ ನಿಂತವರ ಹೆಸರುಗಳನ್ನೂ ಅವರಿಗೆ ಬಂದ ಮತಗಳನ್ನೂ ಅಚ್ಚು ಹಾಕಿ. ಎರಡು ಸಾಲು ಸಾಕು.

ಇಂತಿ,
ತಮ್ಮ ಓದುಗ,
ಮೆಲ್ಬರ್ನ್