ನೋಟ್ಸ್ ಅಪ್‌ಲೋಡ್ ಮಾಡಿದರೆ ಪಾಠ ಆಯ್ತಾ?

ಸಂಪಾದಕರೇ,

ರಾಜ್ಯದ ಸರಕಾರಿ ಪದವಿ ಕಾಲೇಜುಗಳಿಗೆ 2021ರಲ್ಲೇ ಎಲ್‌ಎಂಎಸ್ (ಪಾಠ, ಅಸೈನ್‌ಮೆಂಟ್‌ಗಳನ್ನು ಆನ್‌ಲೈನ್‌ನಲ್ಲಿ ನಡೆಸುವ ವ್ಯವಸ್ಥೆ) ಬಂತು. ಖಾಸಗಿ ಕಾಲೇಜುಗಳೂ ಮೂಡಲ್, ಗೂಗಲ್ ಕ್ಲಾಸ್‌ರೂಮ್ ಅಂತ ಬಳಸುತ್ತಿವೆ. ಒಳ್ಳೆಯದೇ. ಆದರೆ ನನ್ನ ಮಗಳು ಓದುವ ಕಾಲೇಜಿನಲ್ಲಿ ಅದು ಪಿಡಿಎಫ್ ತುಂಬಿಡುವ ಅಟ್ಟ ಆಗಿಬಿಟ್ಟಿದೆ. ಮಕ್ಕಳು ಅಲ್ಲಿ ಪ್ರಶ್ನೆ ಕೇಳಿದರೆ ಉತ್ತರವೇ ಬರುವುದಿಲ್ಲ. ಅಸೈನ್‌ಮೆಂಟ್ ಸಲ್ಲಿಸುವ ಗಡುವು ಮಾತ್ರ ರಾತ್ರಿ 12ಕ್ಕೆ ಸರಿಯಾಗಿ ಮುಗಿಯುತ್ತದೆ!

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಹಳ್ಳಿಗಳ ಕಥೆ ಗೊತ್ತಲ್ಲ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ಹಿಂದೆಯೇ ಟವರೂ ಹೋಗುತ್ತದೆ. ಜೊಯಿಡಾ ಕಡೆಯಂತೂ ಕೇಳುವುದೇ ಬೇಡ. ಅಸೈನ್‌ಮೆಂಟ್ ಬರೆದಿಟ್ಟ ಹುಡುಗಿಗೂ ಅಂಕ ಹೋಗುತ್ತದೆ.

ಇದಕ್ಕೆ ದಾರಿ ಇಲ್ಲದಿಲ್ಲ. ಮೂಡಲ್ 2002ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ. ಕಾಲೇಜಿನ ವೈಫೈನಲ್ಲಿ ಅದರ ಆ್ಯಪ್‌ಗೆ ಪಾಠ ಇಳಿಸಿಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆಯೂ ಓದಬಹುದು. ಒಬ್ಬ ವಿದ್ಯಾರ್ಥಿಗೆ ಮಾತ್ರ ಗಡುವು ಮುಂದೂಡುವ ಸೌಲಭ್ಯವೂ ಅದರಲ್ಲಿದೆ. ಉದ್ದದ ವಿಡಿಯೊ ಬದಲು ಐದು ನಿಮಿಷದ ಆಡಿಯೊ ಹಾಕಿದರೆ ಡೇಟಾ ಕೂಡ ಉಳಿಯುತ್ತದೆ. ಆದರೆ ಇದನ್ನೆಲ್ಲ ಮಾಡಲು ಉಪನ್ಯಾಸಕರಿಗೆ ತರಬೇತಿ ಬೇಕು, ಸಮಯವೂ ಬೇಕು. ಸೆಮಿಸ್ಟರ್ ಮುಗಿದ ಮೇಲೆ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಅತಿಥಿ ಉಪನ್ಯಾಸಕರ ತಲೆಗೇ ಇದನ್ನೂ ಕಟ್ಟಿದರೆ ಹೇಗೆ? ಅವರು ಆನ್‌ಲೈನ್‌ನಲ್ಲಿ ಉತ್ತರಿಸುವ ಹೊತ್ತನ್ನೂ ಕೆಲಸದ ಅವಧಿಗೆ ಸೇರಿಸಬೇಕು, ಅಲ್ವಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಮಧ್ಯರಾತ್ರಿಯ ಗಡುವು ಬಿಟ್ಟು, ಬರೆದದ್ದನ್ನು ಮರುದಿನ ತರಗತಿಯಲ್ಲಿ ಕೊಡಲು ಕಾಲೇಜುಗಳು ಅವಕಾಶ ಕೊಡಲಿ.

– ಒಬ್ಬ ಪಾಲಕರು, ಶಿರಸಿ