ನಮ್ಮವರು ಮನೆಗೆ ಬಂದರು, ಎಲ್ಲರಿಗೂ ಥ್ಯಾಂಕ್ಸ್

ನಮ್ಮವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಆರಾಮಾಗಿದ್ದಾರೆ. ಫೋನ್ ಮಾಡಿ ವಿಚಾರಿಸಿದ, ಮಕ್ಕಳನ್ನು ಸ್ಕೂಲಿನಿಂದ ಕರೆತಂದ ಸಿಡ್ನಿಯ ಕನ್ನಡ ಗೆಳೆಯರಿಗೆಲ್ಲ ತುಂಬಾ ಥ್ಯಾಂಕ್ಸ್. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವಷ್ಟು ತ್ರಾಣ ಇನ್ನೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಏನಾಯ್ತು ಅಂತ ಎಲ್ಲರೂ ಕೇಳುತ್ತಿದ್ದೀರಿ. ಮಳೆ ನಿಂತ ಮೇಲೆ ಗಿಡ ಕತ್ತರಿಸೋಣ ಅಂತ ಹಿತ್ತಲಿಗೆ ಹೋಗಿ ಗ್ಲೌಸ್ ಹಾಕಿಕೊಂಡರು. ಒಳಗೆ ಫನೆಲ್‌ವೆಬ್ ಅನ್ನುವ ಭಾರಿ ವಿಷದ ಜೇಡ ಕೂತಿತ್ತು. ಬೆರಳು ಕಚ್ಚಿ ಹಿಡಿದದ್ದು ಬಿಡಲೇ ಇಲ್ಲ, ಕೊಡವಿ ಬೀಳಿಸಬೇಕಾಯಿತು. ಸ್ವಲ್ಪ ಹೊತ್ತಿಗೆಲ್ಲ ತುಟಿ ಜುಮ್ ಅನ್ನತೊಡಗಿತು. ನಾಲಗೆ ಅದುರತೊಡಗಿತು. ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಊರಿಂದ ಬಂದಿದ್ದ ಅತ್ತೆ ಟವೆಲ್ ಹರಿದು ತೋಳಿಗೆ ಬಿಗಿದು ಕಟ್ಟಲು ಹೊರಟರು. ಪಕ್ಕದ ಮನೆಯಾಕೆ ಓಡಿ ಬಂದು ತಡೆದರು. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಬೆರಳಿನಿಂದ ಹೆಗಲವರೆಗೂ ಸುತ್ತಿದರು. ಉಳುಕಿದ ಕಾಲಿಗೆ ಸುತ್ತುತ್ತೇವಲ್ಲ, ಅಷ್ಟೇ ಬಿಗಿ. ಕೈಗೆ ಮರದ ಪಟ್ಟಿ ಕಟ್ಟಿ, ಅಲುಗಾಡಲೇಬೇಡಿ ಅಂದರು. ಆ ಪುಣ್ಯಾತ್ಗಿತ್ತಿಗೆ, ಆಂಬುಲೆನ್ಸಿನವರಿಗೆ, ರಾತ್ರಿಯೆಲ್ಲ ಎದ್ದಿದ್ದ ಡಾಕ್ಟರು, ನರ್ಸುಗಳಿಗೆ ಎಷ್ಟು ಹೇಳಿದರೂ ಸಾಲದು.

ಇನ್ನೊಬ್ಬರಿಗೂ ಹೇಳಬೇಕಿತ್ತು. ಅವರು 2002ರಲ್ಲೇ ತೀರಿಕೊಂಡರು. ಅವರ ಹೆಸರು ನನಗೆ ಗೊತ್ತಾದದ್ದೇ ಆಸ್ಪತ್ರೆಯಲ್ಲಿ, ನರ್ಸ್ ಹೇಳಿದಾಗ: ಡಾ. ಸ್ಟ್ರುವನ್ ಸದರ್‌ಲ್ಯಾಂಡ್. ಆ ಬ್ಯಾಂಡೇಜ್ ಸುತ್ತುವ ಕ್ರಮ, ಡ್ರಿಪ್ಪಿನಲ್ಲಿ ಹೋದ ಆಂಟಿವೆನಮ್ (ವಿಷ ಇಳಿಸುವ ಮದ್ದು), ಎರಡೂ ಅವರು, ಅವರ ಜೊತೆಗಾರರು ಸೇರಿ ಕಂಡುಹಿಡಿದದ್ದು.

1966ರಲ್ಲಿ ಮೆಲ್ಬರ್ನಿನ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್ ಸೇರಿದವರು. ಅವರಿಗಿಂತ ಮುಂಚೆ ಅಲ್ಲೇ ಸಾಲ್ ವೀನರ್ ಅನ್ನುವವರು 1956ರಲ್ಲಿ ರೆಡ್‌ಬ್ಯಾಕ್ ಅನ್ನುವ ಇನ್ನೊಂದು ಜೇಡದ ವಿಷಕ್ಕೆ ಮದ್ದು ಮಾಡಿದ್ದರು. ಫನೆಲ್‌ವೆಬ್ ಮಾತ್ರ ಅವರಿಗೂ ಬಗ್ಗಲಿಲ್ಲ. ವಿಚಿತ್ರ ನೋಡಿ, ಈ ವಿಷ ನಾಯಿ, ಬೆಕ್ಕು, ಮೊಲಗಳಿಗೆ ಅಷ್ಟಾಗಿ ಏನೂ ಮಾಡುವುದಿಲ್ಲ. ಮನುಷ್ಯರಿಗೆ, ಕೋತಿಗಳಿಗೆ ಮಾತ್ರ ಮಾರಕ. ಕೊನೆಗೆ ಕೈ ಹಿಡಿದದ್ದೂ ಮೊಲಗಳೇ. ಅವಕ್ಕೆ ಸ್ವಲ್ಪಸ್ವಲ್ಪವೇ ವಿಷ ಕೊಟ್ಟು, ರಕ್ತದಲ್ಲಿ ಹುಟ್ಟಿದ, ವಿಷವನ್ನು ತಡೆಯುವ ಪ್ರತಿಕಾಯಗಳನ್ನು ತೆಗೆದು ಸದರ್‌ಲ್ಯಾಂಡ್ ಮತ್ತು ಜೊತೆಗಾರರು 1980ರಲ್ಲಿ ಮದ್ದು ತಯಾರಿಸಿದರು. ಅದಕ್ಕೂ ಮುಂಚೆ ಈ ಜೇಡ ಕಚ್ಚಿ ಸತ್ತ 13 ಜನರ ದಾಖಲೆ ಇದೆ. ಮದ್ದು ಬಳಕೆಗೆ ಬಂದ ಮೇಲೆ ಅಂಥ ಒಂದು ಸಾವೂ ದಾಖಲಾಗಿಲ್ಲ. ಐಸಿಯು ಹೊರಗೆ ಕೂತು ಫೋನಿನಲ್ಲಿ ಈ ಮಾತನ್ನು ಓದಿದಾಗಲೇ ನನಗೆ ಉಸಿರು ಬಂದದ್ದು.

ಆಮೇಲೂ ಸದರ್‌ಲ್ಯಾಂಡ್ ಸುಮ್ನೆ ಕೂರಲಿಲ್ಲ. 1994ರಲ್ಲಿ ಮೆಲ್ಬರ್ನ್ ಯೂನಿವರ್ಸಿಟಿಯಲ್ಲಿ ವಿಷದ ಸಂಶೋಧನೆಗೇ ಅಂತ ಒಂದು ಘಟಕ ಕಟ್ಟಿದರು. ಕೊನೆಗೆ ನರಗಳ ಕಾಯಿಲೆಯೇ ಅವರನ್ನು ಕೊಂಡೊಯ್ಯಿತು. ನರಕ್ಕೆ ಹತ್ತುವ ವಿಷದ ಜೊತೆ ಅಷ್ಟು ವರ್ಷ ಹೋರಾಡಿದ ಮನುಷ್ಯನಿಗೆ ಹೀಗಾಗಬಾರದಿತ್ತು.

ಒಂದು ಮಾತು, ದಯವಿಟ್ಟು. ಈ ಬ್ಯಾಂಡೇಜ್ ಎಲ್ಲದಕ್ಕೂ ಅಲ್ಲ. ರೆಡ್‌ಬ್ಯಾಕ್ ಕಚ್ಚಿದರೆ ಸುತ್ತಬಾರದು. ಊರಲ್ಲಿ ಕೊಳಕುಮಂಡಲ ಕಚ್ಚಿದರೂ ಇದಲ್ಲ. ಕೈಕಾಲು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಸೇರಿಸುವುದೇ ದಾರಿ.

ಅತ್ತೆ ಅವತ್ತೇ ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದಾರೆ. ಜೇಡ ಅವನ ಲೆಕ್ಕಕ್ಕೆ ಬರುತ್ತಾ ಅಂತ ಮಗ ಕೇಳಿದ, ಬೈಸಿಕೊಂಡ. ನಮ್ಮವರದು ಇನ್ನೊಂದು ಹರಕೆ. ಮದ್ದಿಗೆ ಬೇಕಾದ ವಿಷವನ್ನು ಸಾಮರ್ಸ್‌ಬಿಯ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿನಲ್ಲಿ ಜೀವಂತ ಜೇಡಗಳ ಹಲ್ಲಿನ ತುದಿಯಿಂದ ಗಾಜಿನ ಕೊಳವೆಯಲ್ಲಿ ಹೀರಿ ತೆಗೆಯುತ್ತಾರಂತೆ. ಜೇಡ ಹಿಡಿದು ಕೊಡುವವರು ನಮ್ಮಂಥ ಜನರೇ. ಇನ್ನು ಹಿತ್ತಲಲ್ಲಿ ಸಿಕ್ಕಿದ್ದನ್ನೆಲ್ಲ ಕೊಟ್ಟು ಬರುತ್ತಾರಂತೆ, ಉಪ್ಪಿನಕಾಯಿ ಬಾಟಲಿ ತೊಳೆದು ಇಟ್ಟಿದ್ದಾರೆ. ಮೊದಲು ಬೆರಳಿನ ಊತ ಇಳಿಯಲಿ ಅಂದಿದ್ದೇನೆ.