ಕರುಳು ಕಸಿ: ಔಷಧದ ಮಟ್ಟ ಅಳೆಯುವ ವ್ಯವಸ್ಥೆ ಜಿಲ್ಲೆಗಳಲ್ಲೂ ಇರಲಿ

ಮಾನ್ಯ ಸಂಪಾದಕರೇ,

ಅಂಗಾಂಗ ಕಸಿ ಸುದ್ದಿಯಾಗುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಯಶಸ್ವಿಯಾದಾಗ ಮಾತ್ರ. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಮುಂದೆ ವರ್ಷಗಟ್ಟಲೆ ಕಾಯಬೇಕಾದ ಪರಿಯನ್ನು, ಅದರಲ್ಲೂ ಸಣ್ಣ ಕರುಳಿನ ವಿಷಯದಲ್ಲಿ, ಯಾರೂ ಹೆಚ್ಚು ಚರ್ಚಿಸುವುದಿಲ್ಲ.

ಕರುಳಿನ ಗೋಡೆಯಲ್ಲೂ ಅದರ ದುಗ್ಧಗ್ರಂಥಿಗಳಲ್ಲೂ ದಾನಿಯ ರೋಗನಿರೋಧಕ ಕೋಶಗಳು ಹೇರಳವಾಗಿದ್ದು, ಒಳಗೆ ಬ್ಯಾಕ್ಟೀರಿಯಾಗಳೂ ತುಂಬಿರುವುದರಿಂದ, ಯಕೃತ್ತು ಅಥವಾ ಮೂತ್ರಪಿಂಡಕ್ಕಿಂತ ಕರುಳು ತಿರಸ್ಕೃತವಾಗುವ ಸಂಭವ ಹೆಚ್ಚು. ಮೂತ್ರಪಿಂಡ ಸೋಲುತ್ತಿದ್ದರೆ ರಕ್ತದಲ್ಲಿ ಏರುವ ಕ್ರಿಯೇಟಿನಿನ್ ಎಂಬ ತ್ಯಾಜ್ಯ ವಸ್ತು ಸುಳಿವು ಕೊಡುತ್ತದೆ. ಕರುಳಿಗೆ ಅಷ್ಟು ನೆಚ್ಚಬಹುದಾದ ರಕ್ತಪರೀಕ್ಷೆ ಇಲ್ಲ. ಹೊಟ್ಟೆಯ ಮೇಲೆ ಮಾಡಿಟ್ಟ ದ್ವಾರದ ಮೂಲಕ ಆರಂಭದ ವಾರಗಳಲ್ಲಿ ಮತ್ತೆ ಮತ್ತೆ ಎಂಡೋಸ್ಕೋಪಿ ನಡೆಸಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ) ಬಯಾಪ್ಸಿ ಮಾಡಿಯೇ, ಅಂದರೆ ಕರುಳಿನ ಚೂರು ತೆಗೆದು ಪರೀಕ್ಷಿಸಿಯೇ, ತಿಳಿಯಬೇಕು.

ತಿರಸ್ಕಾರ ತಡೆಯುವ ಮುಖ್ಯ ಔಷಧ ಟ್ಯಾಕ್ರೊಲಿಮಸ್. ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಸೂಕ್ಷ್ಮಾಣುವಿನಿಂದ 1984ರಲ್ಲಿ ಪತ್ತೆಯಾದ ಇದನ್ನು 1989ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಸಿ ಶಸ್ತ್ರಚಿಕಿತ್ಸಕ ಥಾಮಸ್ ಸ್ಟಾರ್ಜಲ್ ಅವರ ತಂಡ ರೋಗಿಗಳಿಗೆ ಕೊಡಲು ತೊಡಗಿದ ಮೇಲೆಯೇ ಕರುಳು ಕಸಿ ಕೈಗೆಟುಕಿತು. ಆದರೆ ರಕ್ತದಲ್ಲಿ ಇದರ ಮಟ್ಟ ಇಳಿದರೆ ಅಂಗಕ್ಕೆ ಅಪಾಯ, ಏರಿದರೆ ಮೂತ್ರಪಿಂಡಕ್ಕೆ. ಈ ಏರಿಳಿತಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ನಮ್ಮಲ್ಲಿ ಸಾಮಾನ್ಯವಾದ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದನ್ನು ತೀವ್ರವಾಗಿ ಇಳಿಸುತ್ತದೆ. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೋನಜೋಲ್ ಏರಿಸುತ್ತದೆ. ಚಕ್ಕೋತದಿಂದಲೂ ಏರಬಹುದು; ದೇವನಹಳ್ಳಿಯ ಹಣ್ಣಿಗೆ ಮನಸೋತ ನನಗೆ ಇದನ್ನು ಬರೆಯಲು ಬೇಸರವೇ. ಇನ್ನು ಭೇದಿಯಂತೂ ಅತಿ ತೊಡಕಿನದು: ಅದು ತಿರಸ್ಕಾರದ ಲಕ್ಷಣವಿರಬಹುದು, ಬರಿಯ ಸೋಂಕಿರಬಹುದು, ಜೊತೆಗೆ ಭೇದಿಯಿಂದಲೇ ಔಷಧದ ಮಟ್ಟ ಏರಿರಲೂಬಹುದು. ಅಳೆಯದೆ ಗುಳಿಗೆ ಹೆಚ್ಚಿಸುವುದೂ ತಗ್ಗಿಸುವುದೂ ಎರಡೂ ತಪ್ಪಾದೀತು.

ಆದ್ದರಿಂದ, ಬೆಳಗಿನ ಗುಳಿಗೆಗೆ ಮುನ್ನ ರಕ್ತ ತೆಗೆದು, ಪ್ರಯೋಗಾಲಯಕ್ಕೆ ತಲುಪಿಸಿ, ತಡವಿಲ್ಲದೆ ವರದಿ ಕೊಡುವ ವ್ಯವಸ್ಥೆಯನ್ನು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಖಾತರಿಪಡಿಸುವಂತೆ ಆರೋಗ್ಯ ಇಲಾಖೆಯನ್ನೂ ರಾಜ್ಯದಲ್ಲಿ ಅಂಗಾಂಗ ದಾನ ಸಂಯೋಜಿಸುವ ‘ಜೀವಸಾರ್ಥಕತೆ’ ಸಂಸ್ಥೆಯನ್ನೂ ಕೋರುತ್ತೇನೆ. ಮೂತ್ರಪಿಂಡ, ಯಕೃತ್ತು ಕಸಿಯಾದ ಅನೇಕರಿಗೂ ಇದೇ ಪರೀಕ್ಷೆ ಬೇಕಾಗುವುದರಿಂದ ವೆಚ್ಚ ವ್ಯರ್ಥವಾಗದು. ಔಷಧ ಅಂಗಡಿಯವರಲ್ಲಿಯೂ ಒಂದು ವಿನಂತಿ: ಚೀಟಿಯಲ್ಲಿರುವ ಟ್ಯಾಕ್ರೊಲಿಮಸ್ ದಾಸ್ತಾನಿಲ್ಲದಿದ್ದರೆ ಬೇರೆ ಕಂಪನಿಯದನ್ನು ಕೊಟ್ಟು ಕಳುಹಿಸುವ ಮೊದಲು ಕಸಿ ಮಾಡಿದ ವೈದ್ಯರಿಗೆ ದಯವಿಟ್ಟು ಫೋನ್ ಮಾಡಿ.

– ಔಷಧ ವಿಜ್ಞಾನದ ನಿವೃತ್ತ ಉಪನ್ಯಾಸಕ, ದಾವಣಗೆರೆ